ಒಂದೇ ರೈತನಿಗೆ ಎರಡು ನೋಡ್: ಮರ್ಜ್ ಒಂದೇ ಸಾಲದು

ರಾಯಚೂರು ಎಪಿಎಂಸಿ ಹತ್ತಿ ಆವಕ ದಾಖಲಿಸುವಾಗ ಎರಡು ಕೌಂಟರ್‌ನವರು ಒಂದೇ ಹೊತ್ತಿಗೆ ಒಂದೇ ಮೊಬೈಲ್ ನಂಬರ್ ಹಾಕಿದರೆ, ಮರ್ಜ್ (MERGE) ಆದೇಶ ಬಳಸಿದರೂ ನಿಯೋ4ಜೆ ಗ್ರಾಫ್ ಡೇಟಾಬೇಸಿನಲ್ಲಿ ಎರಡು ರೈತ ನೋಡ್ (ದಾಖಲೆ) ಆಗುತ್ತಿವೆ, ಯಾಕೆ ಅಂತ ಕೇಳಿದ್ದೀರಿ.

ಮರ್ಜ್ ಮೊದಲು ಹುಡುಕುತ್ತದೆ, ಸಿಗದಿದ್ದರೆ ಹೊಸದು ಮಾಡುತ್ತದೆ. ಆದರೆ ಒಂದು ಟ್ರಾನ್ಸಾಕ್ಷನ್ (ಒಂದು ಕಂತಿನ ಬರೆಯುವ ಕೆಲಸ) ಮಾಡಿದ ನೋಡ್ ಕಮಿಟ್ (ಖಾಯಂ) ಆಗುವವರೆಗೂ ಇನ್ನೊಂದಕ್ಕೆ ಕಾಣುವುದಿಲ್ಲ. ಹಾಗಾಗಿ ಎರಡೂ ಕಡೆ ಹೊಸದೇ ಹುಟ್ಟುತ್ತದೆ. ಅದಕ್ಕೆ ಮೊಬೈಲ್ ಪ್ರಾಪರ್ಟಿ ಮೇಲೆ ಒಂದು ನಂಬರಿಗೆ ಒಂದೇ ನೋಡ್ ಇರಬೇಕೆನ್ನುವ ಯುನೀಕ್ ಕನ್‌ಸ್ಟ್ರೈಂಟ್ ಹಾಕಿ. ಬರೀ ಇಂಡೆಕ್ಸ್ ಹಾಕಿದರೆ ಹುಡುಕಾಟ ಚುರುಕಾಗುತ್ತದೆ ಅಷ್ಟೇ. ಕನ್‌ಸ್ಟ್ರೈಂಟ್ ಇದ್ದರೆ ಮರ್ಜ್ ಆ ನಂಬರಿಗೇ ಲಾಕ್ ಹಿಡಿಯುತ್ತದೆ. ಎರಡನೆಯದು ಕಾದು, ಮೊದಲನೆಯದು ಮಾಡಿದ ನೋಡನ್ನೇ ತೆಗೆದುಕೊಳ್ಳುತ್ತದೆ.

ಈಗಾಗಲೇ ಇರುವ ಜೋಡಿ ನೋಡ್‌ಗಳನ್ನು ಮೊದಲು ಒಂದು ಮಾಡಿ, ಇಲ್ಲದಿದ್ದರೆ ಕನ್‌ಸ್ಟ್ರೈಂಟ್ ಕೂರುವುದಿಲ್ಲ. ಅವುಗಳಿಗೆ ಸೇರಿದ ಹತ್ತಿ ಲಾಟ್‌ಗಳ ಕೊಂಡಿ ದಯವಿಟ್ಟು ಕಳೆಯಬೇಡಿ, ಅದು ರೈತರ ದುಡ್ಡಿನ ಲೆಕ್ಕ.

ನಿಮ್ಮ ಮರ್ಜ್ ಒಳಗೆ ಹೆಸರು, ಊರೂ ಇವೆ. ಒಬ್ಬರು 'ಸಿಂಧನೂರು', ಇನ್ನೊಬ್ಬರು 'ಸಿಂಧನೂರ' ಅಂತ ಹೊಡೆದರೆ ಹೊಂದದೆ ಕನ್‌ಸ್ಟ್ರೈಂಟ್ ಎರರ್ ಬರುತ್ತದೆ. ಕೀಲಿ (ಮೊಬೈಲ್ ನಂಬರ್) ಮಾತ್ರ ಅಲ್ಲಿರಲಿ, ಉಳಿದದ್ದು ಹೊಸ ನೋಡ್ ಆದಾಗ ಮಾತ್ರ ಓಡುವ ಆನ್ ಕ್ರಿಯೇಟ್ ಸೆಟ್‌ಗೆ ಹೋಗಲಿ. ಡೆಡ್‌ಲಾಕ್ ಬಂದರೆ, ಅಂದರೆ ಎರಡು ಟ್ರಾನ್ಸಾಕ್ಷನ್ ಒಂದನ್ನೊಂದು ಕಾಯುತ್ತಾ ಸಿಕ್ಕಿಕೊಂಡರೆ, ನಿಮ್ಮ ಪ್ರೋಗ್ರಾಮನ್ನು ಡೇಟಾಬೇಸಿಗೆ ಜೋಡಿಸುವ ಡ್ರೈವರಿನ ಎಕ್ಸಿಕ್ಯೂಟ್ ರೈಟ್ ತಾನೇ ಮತ್ತೆ ಯತ್ನಿಸುತ್ತದೆ.

ಇನ್ನೊಂದು ಮಾತು: ಅಪ್ಪ, ಮಗ ಇಬ್ಬರೂ ಒಂದೇ ಮೊಬೈಲ್ ನಂಬರ್ ಕೊಡುವುದು ನಮ್ಮ ಕಡೆ ಮಾಮೂಲು, ಆಗ ಇಬ್ಬರೂ ಒಂದೇ ನೋಡ್ ಆಗಿಬಿಡುತ್ತಾರೆ. ಸರ್ಕಾರದ ರೈತ ನೋಂದಣಿ ತಂತ್ರಾಂಶ ಫ್ರೂಟ್ಸ್ ಕೊಡುವ ರೈತ ಗುರುತಿನ ಸಂಖ್ಯೆ, ಅಂದರೆ ಎಫ್‌ಐಡಿ ಇದ್ದರೆ ಅದನ್ನೇ ಕೀಲಿ ಮಾಡಿಕೊಳ್ಳಿ.