ಮಳೆ ಶುರುವಾದ ಮೇಲೆ ಸ್ಕೂಟರ್ ಸೆಲ್ಫ್ ಹಿಡಿಯುತ್ತಿಲ್ಲ, ಹಾರ್ನೂ ಸರಿಯಿಲ್ಲ. ವೈರಿಂಗ್ ಬದಲಿಸಬೇಕಾ?

ಈಗಲೇ ವೈರಿಂಗ್ ಬಿಚ್ಚಿಸಬೇಡಿ. ಸೆಲ್ಫ್ ಒತ್ತಿದರೆ ಬರೀ ಟಿಕ್ ಟಿಕ್, ಹಾರ್ನ್ ಕ್ಷೀಣ, ಮೀಟರ್ ಲೈಟ್ ಆರಿ ಮತ್ತೆ ಹತ್ತುತ್ತದೆ ಅಂದಿದ್ದೀರಿ. ಮೂರೂ ಒಟ್ಟಿಗೆ ಕೈಕೊಟ್ಟರೆ ಮೊದಲು ನೋಡಬೇಕಾದ್ದು ಬ್ಯಾಟರಿ. ಆ ಟಿಕ್ ಟಿಕ್ ರಿಲೇ ಸದ್ದು, ಅಂದರೆ ಸೆಲ್ಫ್ ಮೋಟರ್‌ಗೆ ಕರೆಂಟ್ ಬಿಡುವ ಸ್ವಿಚ್‌ನದ್ದು. ರಿಲೇ ಎಳೆಯುವಷ್ಟು ಕರೆಂಟ್ ಇದೆ, ಮೋಟರ್ ತಿರುಗಿಸುವಷ್ಟು ಇಲ್ಲ.

ನಮ್ಮ ತೀರ್ಥಹಳ್ಳಿ ಕಡೆ ಜೂನ್ ಬಂತೆಂದರೆ ಇದೇ ಕಾಟ. ಜಡಿಮಳೆಗೆ ಗಾಡಿ ದಿನಗಟ್ಟಲೆ ಕೊಟ್ಟಿಗೆ ಪಕ್ಕ ನಿಂತಿರುತ್ತದೆ. ತೆಗೆದರೂ ಡೈರಿಗೆ ಹಾಲು ಹಾಕಿ ಬರುವಷ್ಟೇ ದೂರ. ಅಷ್ಟರಲ್ಲಿ ಬ್ಯಾಟರಿ ಸರಿಯಾಗಿ ತುಂಬುವುದಿಲ್ಲ. 2017ರ ಏಪ್ರಿಲ್ ನಂತರದ ಗಾಡಿಯಾದರೆ ಹಗಲೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ, ಅಲ್ವಾ? ಅದಕ್ಕೂ ಕರೆಂಟ್ ಹೋಗುತ್ತದೆ.

ಮೊದಲು ಬ್ಯಾಟರಿಗೆ ವೈರ್ ಸೇರುವ ಟರ್ಮಿನಲ್ ನೋಡಿ. ಬೋಲ್ಟ್ ಸುತ್ತ ಬಿಳಿ ಅಥವಾ ಹಸಿರು ಹುಡಿ ಕಟ್ಟಿದ್ದರೆ ಅದೇ ಕರೆಂಟ್ ತಡೆಯುತ್ತಿರಬಹುದು. ಮೈನಸ್ ಮೊದಲು ಬಿಚ್ಚಿ, ಸ್ಯಾಂಡ್‌ಪೇಪರ್‌ನಲ್ಲಿ ಉಜ್ಜಿ, ಬಿಗಿಯಾಗಿ ಕೂರಿಸಿ. ಮೈನಸ್ ಕೊನೆಗೆ ಹಾಕಿ. ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ನಮ್ಮ ಪಕ್ಕದ ಮನೆಯವರ ಗಾಡಿ ಇಷ್ಟಕ್ಕೇ ಸರಿಹೋಯಿತು.

ಆಮೇಲೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಅನ್ನು ಬ್ಯಾಟರಿಯ ಎರಡೂ ಟರ್ಮಿನಲ್‌ಗೆ ಹಿಡಿಯಿರಿ. ಬೆಳಿಗ್ಗೆ ಕೀ ತಿರುಗಿಸುವ ಮೊದಲು 12.6 ವೋಲ್ಟ್ ಅಥವಾ ಜಾಸ್ತಿ ತೋರಿಸಿದರೆ ಚಾರ್ಜ್ ತುಂಬಿದೆ. 12.2 ಅಂದರೆ ಸುಮಾರು ಅರ್ಧ. ಆದರೆ ಇಷ್ಟಕ್ಕೇ ನಂಬಬೇಡಿ. ಮನೆಯವರಿಗೆ ಸೆಲ್ಫ್ ಒತ್ತಲು ಹೇಳಿ ಮಲ್ಟಿಮೀಟರ್ ನೋಡುತ್ತಿರಿ. ಮೊದಲು 12.6 ಇದ್ದದ್ದು ಒತ್ತಿದ ಕೂಡಲೇ 9ಕ್ಕೆ ಕುಸಿದರೆ ಬ್ಯಾಟರಿಯ ಶಕ್ತಿ ಮುಗಿದಿದೆ. ಸುಮ್ನೆ ನಿಂತಾಗಿನ ಅಂಕಿ ನೋಡಿ ‘ಬ್ಯಾಟರಿ ಚೆನ್ನಾಗಿದೆ’ ಅಂದುಬಿಡುವುದರಿಂದಲೇ ಎಷ್ಟೋ ಜನ ರಿಲೇ, ಮೋಟರ್ ಎಲ್ಲ ಬದಲಿಸಿ ದುಡ್ಡು ಕಳೆದುಕೊಳ್ಳುತ್ತಾರೆ. ನನಗೆ ಬೇಜಾರಾಗುವುದು ಇದಕ್ಕೇ.

ಇಂಜಿನ್ ಓಡುವಾಗ ಸ್ವಲ್ಪ ಆಕ್ಸಿಲರೇಟರ್ ಕೊಟ್ಟು ಮತ್ತೊಮ್ಮೆ ಅಳೆಯಿರಿ. 13.5ರಿಂದ 14.5 ಬರಬೇಕು. 13 ಕೂಡ ದಾಟದಿದ್ದರೆ ಚಾರ್ಜಿಂಗ್ ಕಡೆ ತೊಂದರೆ, ಇಂಜಿನ್‌ನಲ್ಲಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟೋ ಮತ್ತು ಅದನ್ನು ಹದಕ್ಕೆ ತಂದು ಬ್ಯಾಟರಿಗೆ ಕೊಡುವ ರೆಗ್ಯುಲೇಟರ್ ತೋರಿಸಿ. ಅದನ್ನು ಬಿಟ್ಟು ಹೊಸ ಬ್ಯಾಟರಿ ಹಾಕಿದರೆ ಅದೂ ಬೇಗ ಮಲಗುತ್ತದೆ.

ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ ಬ್ಯಾಟರಿ ತೀರಾ ಇಳಿದಾಗ ಕಿಕ್ ಹೊಡೆದರೂ ಹಿಡಿಯದೆ ಇರಬಹುದು. ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು.

ಬ್ಯಾಟರಿ ಅಂಗಡಿಯಲ್ಲಿ ಒಂದು ರಾತ್ರಿ ನಿಧಾನವಾಗಿ ಚಾರ್ಜ್ ಹಾಕಿಸಿ. ಮಾರನೇ ದಿನವೇ ಮತ್ತೆ ಇಳಿದರೆ ಬದಲಿಸಿ. ಸೀಲ್ ಆದ ಬ್ಯಾಟರಿಯ ಮುಚ್ಚಳ ಎಬ್ಬಿಸಿ ನೀರು ಹಾಕಲು ಹೋಗಬೇಡಿ. ಹೊಸದು ತಗೊಳ್ಳುವಾಗ ಹಳೆಯದರ ಮೇಲಿನ ಆಂಪಿಯರ್ ಅವರ್ (Ah) ಅಂಕಿ, ಅಂದರೆ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಲೆಕ್ಕ, ಬರೆದುಕೊಂಡು ಹೋಗಿ. ಹಳೆಯದನ್ನೂ ಒಯ್ಯಿರಿ, ಅದಕ್ಕೆ ಬೆಲೆಯಲ್ಲಿ ಸ್ವಲ್ಪ ಕಳೆಯುತ್ತಾರೆ.