ಪ್ರತಿಕ್ರಿಯೆ: ‘ಡಿ’ ಖಾಲಿಯಿದ್ದರೂ ‘ಸಿ’ ಡ್ರೈವ್ ಏಕೆ ಹಿಗ್ಗುತ್ತಿಲ್ಲ?

ಮಂಡಿಯ ಲೆಕ್ಕ ಇಡುವ ಕಂಪ್ಯೂಟರ್‌ನಲ್ಲಿ ವಿಂಡೋಸ್ ಇರುವ ‘ಸಿ’ ಡ್ರೈವ್‌ಗೆ ಜಾಗ ಸಾಲದೆ, ‘ಡಿ’ಯಿಂದ 50 ಜಿಬಿ ಬಿಡಿಸಿದರೂ ‘ಸಿ’ ಹಿಗ್ಗುತ್ತಿಲ್ಲ ಎಂದು ಕೇಳಿದ್ದೀರಿ. ‘ಡಿ’ಯನ್ನು ಕುಗ್ಗಿಸಿ ನೀವು ಬಿಡಿಸಿಕೊಂಡ ಆ ಜಾಗ ‘ಡಿ’ಯ ಬಾಲದಲ್ಲಿದೆ, ‘ಸಿ’ಯ ಪಕ್ಕದಲ್ಲಿಲ್ಲ. ‘ಎಕ್ಸ್‌ಟೆಂಡ್ ವಾಲ್ಯೂಮ್’ (ಡ್ರೈವ್ ಹಿಗ್ಗಿಸುವ ಆಯ್ಕೆ) ಮಸುಕಾಗಿ, ಒತ್ತಲಾಗದಂತಿರುವುದು ಅದಕ್ಕೇ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್ (ಡಿಸ್ಕನ್ನು ಭಾಗ ಮಾಡುವ ಸಲಕರಣೆ) ಹಿಗ್ಗಿಸಬೇಕಾದ ಡ್ರೈವ್‌ಗೆ ತಾಗಿಕೊಂಡಂತೆ ಬಲಬದಿಯಲ್ಲಿರುವ ಖಾಲಿ ಜಾಗವನ್ನು ಮಾತ್ರ ಸೇರಿಸಿಕೊಳ್ಳುತ್ತದೆ. ನಡುವೆ ರಿಕವರಿ ಪಾರ್ಟಿಷನ್ (ವಿಂಡೋಸ್ ಕೆಟ್ಟಾಗ ಸರಿಪಡಿಸಲು ಮೀಸಲಿಟ್ಟ ಭಾಗ) ಕೂಡ ಕುಳಿತಿರಬಹುದು, ಪರದೆಯ ಚಿತ್ರ ನೋಡದೆ ಖಚಿತವಾಗಿ ಹೇಳಲಾರೆ. ಇದ್ದರೆ ಅದನ್ನು ಮುಟ್ಟಬೇಡಿ.

ನಿಮ್ಮ ಸ್ಥಿತಿಯಲ್ಲಿ ‘ಸಿ’ ಹಿಗ್ಗಿಸುವ ಹಟವನ್ನೇ ಬಿಡುವುದು ಒಳ್ಳೆಯದು. ಮೊದಲು ಮಂಡಿಯ ಲೆಕ್ಕದ ಕಡತಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಅಲ್ಲಿಂದಲೇ ಒಂದೆರಡನ್ನು ತೆರೆದು ನೋಡಿ. ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಡಿ’ ಮೇಲೆ ಬಲ ಕ್ಲಿಕ್ ಮಾಡಿ, ‘ಎಕ್ಸ್‌ಟೆಂಡ್ ವಾಲ್ಯೂಮ್’ ಮೂಲಕ ಆ 50 ಜಿಬಿಯನ್ನು ಅದಕ್ಕೇ ಮರಳಿ ಸೇರಿಸಿ. ಯುಪಿಎಸ್ ಇಲ್ಲದಿದ್ದರೆ ಕೋಲಾರದಲ್ಲಿ ಕರೆಂಟ್ ಹೋಗುವ ಹೊತ್ತಿನಲ್ಲಿ ಈ ಕೆಲಸ ಬೇಡ.

ಈಗ ‘ಸಿ’ಯ ಹೊರೆ ಇಳಿಸಲು, ‘ಡಿ’ಯಲ್ಲಿ ಹೊಸ ಫೋಲ್ಡರ್ ಮಾಡಿ. ಡಾಕ್ಯುಮೆಂಟ್ಸ್ ಮೇಲೆ ಬಲ ಕ್ಲಿಕ್, ಪ್ರಾಪರ್ಟೀಸ್, ಲೊಕೇಶನ್, ಮೂವ್. ಆ ಹೊಸ ಫೋಲ್ಡರನ್ನೇ ತೋರಿಸಿ, ಬರಿಯ ‘ಡಿ’ಯನ್ನಲ್ಲ. ಡೌನ್‌ಲೋಡ್ಸ್‌ಗೆ ಬೇರೊಂದು ಫೋಲ್ಡರ್ ಮಾಡಿ ಹೀಗೆಯೇ ಸಾಗಿಸಿ. ಜಾಗ ನುಂಗುವುದು ಸಾಮಾನ್ಯವಾಗಿ ಅದೇ. ಲೆಕ್ಕದ ತಂತ್ರಾಂಶದ ದತ್ತಾಂಶ ಬೇರೆಡೆ ಇದ್ದರೆ, ಅದರ ಸೆಟ್ಟಿಂಗ್ಸ್‌ನಲ್ಲೇ ಜಾಗ ಬದಲಿಸಬೇಕು.

ಮುಂದೆ ವಿಂಡೋಸ್ ಮತ್ತೆ ಹಾಕಿಸುವಾಗ ‘ಸಿ’ಯೊಂದನ್ನೇ ಫಾರ್ಮ್ಯಾಟ್ ಮಾಡಲು ಹೇಳಿ, ‘ಡಿ’ ಉಳಿಯುತ್ತದೆ. ಆದರೆ ‘ಸಿ’, ‘ಡಿ’ ಎರಡೂ ಒಂದೇ ಡಿಸ್ಕ್‌ನ ಭಾಗಗಳು, ಆ ಡಿಸ್ಕೇ ಕೆಟ್ಟರೆ ಒಟ್ಟಿಗೇ ಹೋಗುತ್ತವೆ. ಹಾಗಾಗಿ ಹೊರಗಿನ ಡಿಸ್ಕ್‌ಗೆ ವಾರಕ್ಕೊಮ್ಮೆ, ಟೊಮೆಟೊ ಸುಗ್ಗಿಯಲ್ಲಿ ದಿನಾ ಸಂಜೆ ನಕಲು ತೆಗೆದು, ಕೇಬಲ್ ಬಿಚ್ಚಿಡಿ.