ಹದಿನೇಳರ ಹುಡುಗನ ನಾಡಿ 48, ಮೆಟ್ಟಿಲು ಹತ್ತಿದರೆ ಏದುಸಿರು: ಡಾಕ್ಟರಿಗೆ ತೋರಿಸಬೇಕೇ?

ನಾನು ವೈದ್ಯೆಯಲ್ಲ. ಎರಡು ವರ್ಷಗಳ ಹಿಂದೆ ಇದೇ ಸಂಕಟದಲ್ಲಿ ಮೂರು ರಾತ್ರಿ ನಿದ್ದೆಗೆಟ್ಟ ತಾಯಿ. ನೀವು ಬರೆದಿರುವುದು ಇಷ್ಟು: ಮಗ ದ್ವಿತೀಯ ಪಿಯುಸಿ ಓದುತ್ತಿದ್ದಾನೆ, ನಿಮ್ಮ ಸ್ಮಾರ್ಟ್‌ವಾಚ್ ಕಟ್ಟಿಕೊಂಡಾಗ ಕುಳಿತಲ್ಲೇ ನಾಡಿ 48 ತೋರಿಸಿತು, ಒಂದು ತಿಂಗಳಿಂದ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದೆ. ಪರೀಕ್ಷೆ ಮುಗಿಯುವವರೆಗೆ ಕಾಯಬಹುದೇ ಎಂದು ಕೇಳಿದ್ದೀರಿ. ಕಾಯಬೇಡಿ. ಈ ವಾರವೇ ಹೋಗಿ ಒಂದು ಇಸಿಜಿ ಮಾಡಿಸಿ. ನಾಡಿ ನಿಧಾನವಾಗಿದೆ ಎಂಬುದೊಂದೇ ದೂರಾಗಿದ್ದರೆ ನಾನು ಇಷ್ಟು ಅವಸರ ಮಾಡುತ್ತಿರಲಿಲ್ಲ.

ಸುಮ್ಮನೆ ಕುಳಿತಾಗ ನಿಮಿಷಕ್ಕೆ 60ರಿಂದ 100 ಬಡಿತ ಸಾಮಾನ್ಯ ಎನ್ನುತ್ತಾರೆ. ದಿನವೂ ಓಡುವ, ಈಜುವ, ಕಬಡ್ಡಿ ಆಡುವ ಮಕ್ಕಳಲ್ಲಿ ಅದು 50ರ ಕೆಳಗೆ ಇಳಿಯುವುದುಂಟು. ಆದರೆ ಅಂಥ ಹುಡುಗನಿಗೆ ಎರಡು ಮಹಡಿ ಒಂದು ಲೆಕ್ಕವೇ ಅಲ್ಲ. ನಿಮ್ಮ ಮಗನಿಗೆ ಏದುಸಿರು ಬರುತ್ತಿದೆಯಲ್ಲ, ಅದಕ್ಕೇ ತೋರಿಸಿ ಎನ್ನುತ್ತಿರುವುದು.

ಹೋಗುವ ಮೊದಲು ವಾಚನ್ನು ಬಿಚ್ಚಿಟ್ಟು, ಅವನ ಹೆಬ್ಬೆರಳಿನ ಬುಡದ ಬಳಿ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನೀವೇ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ, ಪೂರ್ತಿ ಒಂದು ನಿಮಿಷ ಎಣಿಸಿ. ಉಸಿರೆಳೆದಾಗ ತುಸು ಬೇಗ, ಬಿಟ್ಟಾಗ ತುಸು ನಿಧಾನ ಬಡಿದರೆ ಹೆದರಬೇಡಿ, ಆ ವಯಸ್ಸಿನಲ್ಲಿ ಅದು ಸಹಜ. ಹೃದಯವು ನಡುನಡುವೆ ಅವಸರದ ಬಡಿತವೊಂದನ್ನು ಸೇರಿಸಿದರೆ ಆ ಅಲೆ ಮಣಿಕಟ್ಟಿನವರೆಗೆ ತಲುಪದೆ ಹೋಗಬಹುದು. ಒಂದು ಬಿಟ್ಟು ಒಂದು ಬಡಿತ ಹೀಗಾದರೆ ಎದೆಯಲ್ಲಿ 90 ಬಡಿದರೂ ಕೈಗೆ ಸಿಗುವುದು 45. ಇದನ್ನು ಇಸಿಜಿ ತಕ್ಷಣ ಹಿಡಿಯುತ್ತದೆ, ವಾಚು ಹಿಡಿಯುವುದಿಲ್ಲ.

ಇನ್ನೊಂದು ಸಂಗತಿ ಗಮನಿಸಿ. ಅವನು ದಿನವೂ ಹತ್ತುವ ಮೆಟ್ಟಿಲು ಹತ್ತಿ ಬಂದ ಕೂಡಲೇ ನಾಡಿ ಎಷ್ಟಿದೆ? (ಪರೀಕ್ಷಿಸಲೆಂದೇ ಓಡಿಸಬೇಡಿ.) ಆರೋಗ್ಯವಾಗಿರುವ ಹೃದಯ ಕೂತಾಗ 48 ಇದ್ದರೂ ಮೆಟ್ಟಿಲು ಹತ್ತಿದಾಗ ಚೆನ್ನಾಗಿ ಏರುತ್ತದೆ. ಏರದೆ ಐವತ್ತರ ಆಸುಪಾಸಿನಲ್ಲೇ ಮೊಂಡುಬಿದ್ದರೆ, ಆ ಮಾತನ್ನು ಡಾಕ್ಟರಿಗೆ ಮೊದಲು ಹೇಳಿ. ಹೃದಯದ ಮೇಲಿನ ಕೋಣೆಯ ವಿದ್ಯುತ್ ಸಂಕೇತ ಕೆಳಗಿನ ಕೋಣೆಗೆ ಸರಿಯಾಗಿ ದಾಟದಿದ್ದಾಗ ಹೀಗಾಗಬಹುದು. ಅದಕ್ಕೂ ‘ಬ್ಲಾಕ್’ ಎನ್ನುತ್ತಾರೆ. ಈ ಪದ ಕೇಳಿದೊಡನೆ ನಮ್ಮವರು ಸ್ಟೆಂಟ್ ಎಂದುಕೊಂಡು ಕುಸಿಯುತ್ತಾರೆ. ಅದು ರಕ್ತದ ಕೊಳವೆ ಕಟ್ಟಿದ ಬ್ಲಾಕ್, ಇದು ತಂತಿಯ ದೋಷ. ಎರಡೂ ಬೇರೆ ಬೇರೆ.

ಈಗ ನನ್ನ ಮಗಳ ಕಥೆ. ಆಗ ಅವಳಿಗೆ ಹದಿನೈದು. ನಾಡಿ 46, ಮೊದಲ ತಿರುವಿನಲ್ಲೇ ನಿಂತು ಕಂಬಿ ಹಿಡಿಯುತ್ತಿದ್ದಳು. ಇಸಿಜಿಯಲ್ಲಿ ಬಡಿತ ನಿಧಾನ, ಮಿಕ್ಕಿದ್ದು ಸರಿ. ಎಕೋ, ಅಂದರೆ ಹೃದಯದ ಸ್ಕ್ಯಾನ್, ಸರಿ. ರಕ್ತ, ಥೈರಾಯ್ಡ್ ಎಲ್ಲವೂ ಸರಿ. ಯಾವುದಾದರೂ ಮಾತ್ರೆ ನಡೆಯುತ್ತಿದೆಯೇ ಎಂದು ಯುವ ವೈದ್ಯರೊಬ್ಬರು ಕೇಳಿದರು. ‘ಇಲ್ಲ’ ಎಂದೆ. ಮತ್ತೊಮ್ಮೆ ಕೇಳಿದರು, ಆಗಲೂ ‘ಇಲ್ಲ’ ಎಂದೆ. ಪಕ್ಕದಲ್ಲಿದ್ದ ಮಗಳು ‘ಅಮ್ಮಾ, ತಲೆನೋವಿನದ್ದು’ ಎಂದಳು. ಮೈಗ್ರೇನ್ ಬಾರದಿರಲೆಂದು ಮೂರು ವಾರಗಳಿಂದ ಬೇರೊಬ್ಬ ವೈದ್ಯರು ಬರೆದುಕೊಟ್ಟಿದ್ದ ಪ್ರೊಪ್ರನೊಲೋಲ್ ನುಂಗುತ್ತಿದ್ದಳು. ಹೃದಯದ ಡಾಕ್ಟರ ಎದುರು ತಲೆನೋವಿನ ಮಾತ್ರೆ ನನ್ನ ಮಟ್ಟಿಗೆ ಮಾತ್ರೆಯೇ ಆಗಿರಲಿಲ್ಲ.

ಆ ಔಷಧ ಬಡಿತವನ್ನು ನಿಧಾನಗೊಳಿಸುತ್ತದೆ, ಅದರ ಕೆಲಸವೇ ಹಾಗೆ. ಜೊತೆಗೆ ಅಸ್ತಮಾ ಇರುವವರ ಶ್ವಾಸನಾಳಗಳನ್ನು ಬಿಗಿಗೊಳಿಸಬಲ್ಲದು, ಹಾಗಾಗಿ ಅವರಿಗೆ ಅದನ್ನು ಕೊಡುವುದಿಲ್ಲ. ಮಗಳಿಗೆ ಏಳು ವರ್ಷದವರೆಗೆ ಉಬ್ಬಸವಿತ್ತು, ಆಮೇಲೆ ಇನ್‌ಹೇಲರ್ ಬಿಟ್ಟಿದ್ದಳು. ಮೈಗ್ರೇನ್ ನೋಡಿದ ವೈದ್ಯರಿಗೆ ನಾನು ಅದನ್ನು ಹೇಳಿರಲಿಲ್ಲ, ಮರೆತೇಬಿಟ್ಟಿದ್ದೆ. ನಿಧಾನ ನಾಡಿಗೂ ಏದುಸಿರಿಗೂ ಒಂದೇ ಮಾತ್ರೆ ಕಾರಣವಾಗಿತ್ತು. ವೈದ್ಯರ ಮಾತಿನಂತೆ ಅದನ್ನು ಇಳಿಸುತ್ತ ಬಂದು ನಿಲ್ಲಿಸಿ, ಮೈಗ್ರೇನಿಗೆ ಬೇರೆ ಔಷಧ ಹಿಡಿದೆವು. ಎರಡೇ ವಾರದಲ್ಲಿ ನಾಡಿ 70 ದಾಟಿತು. ನಿಮ್ಮ ಮನೆಯಲ್ಲೂ ಅಂಥ ಮಾತ್ರೆ ಇದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ, ಅದರಿಂದಲೂ ತೊಂದರೆಯಾಗುತ್ತದೆ.

ಆದ್ದರಿಂದ ಹೋಗುವಾಗ ಅವನು ಬಾಯಿಗೆ ಹಾಕುವುದೆಲ್ಲವನ್ನೂ ಚೀಟಿಯಲ್ಲಿ ಬರೆದೊಯ್ಯಿರಿ: ಮಾತ್ರೆ, ಕಷಾಯ, ಜಿಮ್ಮಿನ ಪುಡಿ. ಇತ್ತೀಚೆಗೆ ಜ್ವರ ಬಂದಿತ್ತೇ ಎಂಬುದನ್ನೂ ಬರೆಯಿರಿ. ಡೆಂಗಿಯಿಂದ ಚೇತರಿಸಿಕೊಳ್ಳುವಾಗ ನಾಡಿ ಕೆಲವು ದಿನ ಇಳಿದು ತಾನಾಗಿ ಸರಿಹೋಗುವುದುಂಟು. ಜ್ವರದ ಬೆನ್ನಿಗೇ ಹೃದಯದ ಸ್ನಾಯು ಊದಿಕೊಳ್ಳುವುದೂ ಉಂಟು, ಅದು ತಡಮಾಡುವಂಥದ್ದಲ್ಲ. ತೆಳ್ಳಗಾಗಬೇಕೆಂದು ಊಟ ಬಿಟ್ಟಿದ್ದಾನೆಯೇ? ಮೈ ಸೊರಗಿದರೂ ಹೃದಯ ಬಡಿತವನ್ನು ಇಳಿಸಿಕೊಳ್ಳುತ್ತದೆ. ಇದನ್ನು ನಿಮ್ಮೆದುರು ಅವನು ಒಪ್ಪಿಕೊಳ್ಳಲಿಕ್ಕಿಲ್ಲ, ಡಾಕ್ಟರು ಅವನೊಬ್ಬನ ಜೊತೆ ಮಾತನಾಡಲಿ, ನೀವು ಹೊರಗಿರಿ. ಬಂಧುಗಳು ‘ಪರೀಕ್ಷೆಯ ಟೆನ್ಷನ್’ ಎನ್ನುತ್ತಾರೆ. ಟೆನ್ಷನ್ನಿನಿಂದ ಉಸಿರು ಸಾಲದಂತೆ ಅನಿಸುವುದು ನಿಜ, ಆದರೆ ಆಗ ನಾಡಿ ಸಾಮಾನ್ಯವಾಗಿ ಓಡುತ್ತದೆ, ತೆವಳುವುದಿಲ್ಲ.

ಹಾಸನದಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ತೀರಿಕೊಂಡ ಸುದ್ದಿ ನೋಡಿ ನಿಮ್ಮ ಮನೆಯವರು ಹೆದರಿದ್ದಾರೆಂದೂ ಬರೆದಿದ್ದೀರಿ. 2025ರ ಜುಲೈನಲ್ಲಿ ಅದೇ ಸುದ್ದಿಯಿಂದ ಬೆಂಗಳೂರು, ಮೈಸೂರಿನ ಜಯದೇವ ಆಸ್ಪತ್ರೆಗಳ ಮುಂದೆ ಜನ ಬೆಳಗಾಗುವ ಮುನ್ನವೇ ಸಾಲುಗಟ್ಟಿದ್ದರು. ನೀವು ನೇರ ಅಲ್ಲಿಗೇ ಓಡಬೇಕಿಲ್ಲ. ಇಸಿಜಿ ತಾಲ್ಲೂಕು ಆಸ್ಪತ್ರೆಯಲ್ಲೂ ಆಗುತ್ತದೆ. ಅಗತ್ಯ ಕಂಡರೆ ಎಕೋ, ಇಪ್ಪತ್ನಾಲ್ಕು ಗಂಟೆ ಮೈಗೆ ಕಟ್ಟಿಕೊಂಡೇ ತಿರುಗಾಡುವ, ಬಡಿತ ದಾಖಲಿಸುವ ಹೋಲ್ಟರ್ ಇವುಗಳಿಗೆ ಅವರೇ ಮುಂದಕ್ಕೆ ಕಳುಹಿಸುತ್ತಾರೆ. ಆದರೆ ಅಷ್ಟರೊಳಗೆ ಅವನು ಎಚ್ಚರ ತಪ್ಪಿದರೆ, ಅದರಲ್ಲೂ ಓಡುವಾಗ ಬಿದ್ದರೆ, ಎದೆನೋವು ಬಂದರೆ, ಕುಳಿತಲ್ಲೇ ಏದುಸಿರಾದರೆ, ತುಟಿ ನೀಲಿಗಟ್ಟಿದರೆ ತಕ್ಷಣ 108ಕ್ಕೆ ಕರೆ ಮಾಡಿ. ಕುಟುಂಬದಲ್ಲಿ ಚಿಕ್ಕ ವಯಸ್ಸಿಗೇ ಹಠಾತ್ತನೆ ತೀರಿಕೊಂಡವರಿದ್ದರೆ ಅದನ್ನು ಮುಚ್ಚಿಡಬೇಡಿ. ಡಾಕ್ಟರು ನೋಡುವವರೆಗೆ ಆಟ, ಓಟ ಬೇಡ.

ವಾಚನ್ನು ಮಾತ್ರ ವಾಪಸ್ ನೀವೇ ಕಟ್ಟಿಕೊಳ್ಳಿ. ನಮ್ಮ ಮನೆಯಲ್ಲಿ ಅದನ್ನು ಮಗಳು ಕಪಾಟಿನಲ್ಲಿಟ್ಟು ಬೀಗ ಹಾಕಿದಳು. ಗುಣವಾದ ಮೇಲೂ ನಾನು ಊಟಕ್ಕೊಮ್ಮೆ ಅವಳ ಕೈ ಹಿಡಿದು ಅಂಕಿ ನೋಡುತ್ತಿದ್ದುದನ್ನು ತಾಳಲಾರದೆ.